ಹಾರ್ಟು ಅಂತಲೇ ಹೇಳು

"ಈ ತಿಂಗಳು ಯಾವ ಕಾಯಿಲೆಗೆ ಹಬ್ಬ?"

ತಿಂಗಳ ಮೊದಲ ಬೆಳಿಗ್ಗೆ ಷಟರ್ ಎತ್ತುವಾಗ ಮುದ್ರಣದಂಗಡಿಯ ಮಾಲೀಕ ತಪ್ಪದೆ ಕೇಳುವ ಪ್ರಶ್ನೆ ಅದು. ಅವಳು ಬ್ಯಾಗನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸಿ, ಗೋಡೆಯ ಕ್ಯಾಲೆಂಡರ್ ನೋಡಿ ಉತ್ತರ ಹೇಳಬೇಕು.

"ಹೃದಯ, ಇಡೀ ತಿಂಗಳು. ರಸ್ತೆ ಸುರಕ್ಷತೆ, ಒಂದು ವಾರ. ಆಮೇಲೆ ಕಣ್ಣುದಾನ, ಹಿರಿಯರ ದಿನ, ಕೈ ತೊಳೆಯೋ ದಿನ."

"ಕೈ ತೊಳೆಯೋಕೂ ಒಂದು ದಿನಾನಾ? ಮಿಕ್ಕ ದಿನ ಏನ್ ಮಾಡ್ಬೇಕಂತೆ?"

"ಹಾಗೇ ಊಟ ಮಾಡ್ಬಹುದು."

ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಮುಖ ಅಲ್ಲಾಡಿಸದೆ ನಗಿಸ್ತೀಯಲ್ಲಮ್ಮಾ ನೀನು! ಎಲ್ಲಿ ಕಲಿತೆ ಇದನ್ನ?"

ಅವಳು ಕಂಪ್ಯೂಟರ್ ಆನ್ ಮಾಡಿದಳು. ಮುಖ ಅಲ್ಲಾಡಿಸದಿರುವುದನ್ನು ಕಲಿತದ್ದು ಕಳೆದ ವರ್ಷ, ಗಂಡ ಸತ್ತ ಮೇಲೆ. ಮೊದಮೊದಲು ಪ್ರಯತ್ನಪಟ್ಟು ಮಾಡುತ್ತಿದ್ದಳು. ಈಗ ಅದು ತಾನಾಗಿಯೇ ಆಗುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದವಳು ಅಲ್ಲಿ ಕಲಿತದ್ದನ್ನೆಲ್ಲ ಮರೆತು, ಸಂಜೆ ಹೊತ್ತು ಸುಮ್ಮನೆ ಕಲಿತಿದ್ದ ಡಿಸೈನ್ ಕೆಲಸದಲ್ಲಿ ಅನ್ನ ಹುಟ್ಟಿಸಿಕೊಳ್ಳುತ್ತಿದ್ದಳು.

ಅಂಗಡಿ ರೈಲಿನ ಡಬ್ಬಿಯಂತೆ ಉದ್ದಕ್ಕಿತ್ತು. ಮುಂದೆ ಅವಳ ಮೇಜು, ನಡುವೆ ಕಾಗದದ ರೀಮುಗಳು, ಕೊನೆಯಲ್ಲಿ ಬ್ಯಾನರ್ ಹೊರಹಾಕುವ ಯಂತ್ರ. ಅಲ್ಲಿಂದ ಬರುವ ಶಾಯಿಯ ಘಾಟು ಸಂಜೆ ತಲೆಗೂದಲಿಗೂ ಅಂಟಿಕೊಂಡು ಮನೆಗೆ ಬರುತ್ತಿತ್ತು. ಮದುವೆ ಕಾರ್ಡುಗಳೆಲ್ಲ ಜನರ ಫೋನಿನೊಳಗೆ ಹೋದ ಮೇಲೆ ಅಂಗಡಿಯನ್ನು ಸಾಕುತ್ತಿದ್ದದ್ದು ಅರಿವು, ಅಂದರೆ ಜನಜಾಗೃತಿಯ ಬ್ಯಾನರು, ಪೋಸ್ಟರು. ಆಸ್ಪತ್ರೆಗೆ ಅರಿವು ಬೇಕು, ಶಾಲೆಗೆ ಬೇಕು, ಬ್ಯಾಂಕಿಗೆ ಬೇಕು. ರಿಬ್ಬನ್ನಿನ ಚಿತ್ರ ಒಂದೇ ಇತ್ತು. ಬಣ್ಣ ಬದಲಿಸಿದರೆ ಕಾಯಿಲೆ ಬದಲಾಗುತ್ತಿತ್ತು. ತಿಂಗಳು ಮುಗಿದ ಮೇಲೆ ಆ ಬ್ಯಾನರುಗಳು ಗಾಡಿಗಳಿಗೆ ಹೊದಿಕೆಯಾಗುತ್ತಿದ್ದವು, ಸೋರುವ ಸೂರುಗಳಿಗೆ ಮುಚ್ಚಳವಾಗುತ್ತಿದ್ದವು. ಅರಿವಿನಿಂದ ಅಷ್ಟಾದರೂ ಉಪಯೋಗವಾಯಿತಲ್ಲ ಎಂದು ಅವಳಿಗೆ ಅನ್ನಿಸುವುದಿತ್ತು.

ಈಗ ಚರ್ಚಿಗೂ ಅರಿವು ಬೇಕಾಗಿತ್ತು.

ಆ ಮಧ್ಯಾಹ್ನ ಚರ್ಚಿನ ಕಾರ್ಯದರ್ಶಿ ಅಂಗಡಿಗೆ ಬಂದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಕೈಗೆ ಮೈಕು ಸಿಕ್ಕರೆ ಬಿಡುತ್ತಿರಲಿಲ್ಲವಾದ್ದರಿಂದ ಸಂಡೇ ಸ್ಕೂಲಿನ ಮಕ್ಕಳು ಅವರಿಗೆ ಮೈಕ್ ಅಂಕಲ್ ಎಂದು ಹೆಸರಿಟ್ಟಿದ್ದರು. ಆ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ಅವಳೇ. ತಾನೂ ಮನಸ್ಸಿನಲ್ಲಿ ಹಾಗೆಯೇ ಕರೆಯುತ್ತಿದ್ದಳು.

"ನೋಡಮ್ಮಾ, ಈ ತಿಂಗಳು ನಮ್ಮ ಚರ್ಚಿನಲ್ಲಿ ಹೃದಯ ಮಾಸ. ಕೊನೇ ಭಾನುವಾರ ಆರಾಧನೆ ಆದ್ಮೇಲೆ ಹಾಲ್‌ನಲ್ಲಿ ಉಚಿತ ತಪಾಸಣೆ, ಬಿ.ಪಿ., ಶುಗರ್, ಇಸಿಜಿ, ಎಲ್ಲಾ. ಒಂದು ದೊಡ್ಡ ಬ್ಯಾನರ್ ಆಗ್ಬೇಕು."

"ಆಗತ್ತೆ ಅಂಕಲ್. ಏನು ಬರೀಲಿ?"

"ಬರಹ ನಾನು ಕೊಡ್ತೀನಿ. ಮುಖ್ಯ ಏನಂದ್ರೆ ಫೋಟೋ. ಸುಮ್ನೆ ಹೃದಯದ ಚಿತ್ರ ಹಾಕಿದ್ರೆ ಯಾರು ನೋಡ್ತಾರೆ? ಗುರುತಿರೋ ಮುಖ ಬೇಕು." ಅವರು ದನಿ ತಗ್ಗಿಸಿದರು. "ನಿನ್ನ ಯಜಮಾನರದ್ದು ಹಾಕೋಣ ಅಂತ ಸಮಿತಿ ತೀರ್ಮಾನ. ಆ ವಯಸ್ಸಿಗೆ ಹಾರ್ಟು ಅಂದ್ರೆ ಎಂಥವರಿಗೂ ಎದೆ ಧಸಕ್ ಅನ್ನತ್ತೆ. ಆಮೇಲೆ ನೀನೊಂದು ಸಾಕ್ಷಿ ಹೇಳ್ಬೇಕು. ಐದು ನಿಮಿಷ ಸಾಕು. ನಿಮ್ಮತ್ತೇನ ಕೇಳಿದೀನಿ, ಅವರು ಒಪ್ಪಿದಾರೆ."

ಸಭೆಯ ಮುಂದೆ ನಿಂತು ತನ್ನ ಬಾಳಿನಲ್ಲಿ ನಡೆದದ್ದನ್ನು ಹೇಳುವುದಕ್ಕೆ ಅವರಲ್ಲಿ ಸಾಕ್ಷಿ ಎನ್ನುತ್ತಾರೆ. ಚಿಕ್ಕಂದಿನಿಂದ ಅವಳು ಎಷ್ಟೋ ಸಾಕ್ಷಿ ಕೇಳಿದ್ದಳು: ಕುಡಿತ ಬಿಟ್ಟವರದು, ಕೆಲಸ ಸಿಕ್ಕವರದು, ಗೆಡ್ಡೆ ಕರಗಿದವರದು. ಎಲ್ಲ ಸಾಕ್ಷಿಗಳೂ ಕೊನೆಗೆ ಸುಖವಾಗಿ ಮುಗಿಯುತ್ತಿದ್ದವು.

"ಯೋಚನೆ ಮಾಡ್ತೀನಿ ಅಂಕಲ್."

"ಯೋಚನೆ ಮಾಡೋದು ಏನಿದೆ? ನಾಲ್ಕು ಜನಕ್ಕೆ ಎಚ್ಚರ ಆದ್ರೆ ಅವನ ಆತ್ಮಕ್ಕೂ ಶಾಂತಿ."

ಅವಳ ಗಂಡ ಹೃದಯ ನಿಂತು ಸತ್ತಿರಲಿಲ್ಲ. ತನ್ನ ಕೈಯಾರೆ ಸತ್ತಿದ್ದ.

ಆ ಬೆಳಿಗ್ಗೆ ಬಾಗಿಲು ಒಡೆದು ಮೊದಲು ಒಳಗೆ ಹೋದವನು ಮೈದುನ. ಅವನ ಹಿಂದೆ ಅವಳು, ಅವಳ ಹಿಂದೆ ಅತ್ತೆ. ಅತ್ತೆ ಕಿರುಚಲಿಲ್ಲ. ಮಗನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತರು. ನೆರೆಯವರು ಮೆಟ್ಟಿಲು ಹತ್ತುವ ಸದ್ದಾದಾಗ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು ಮೊದಲು ಕಿರಿಯ ಮಗನ ಕಡೆ, ಆಮೇಲೆ ಸೊಸೆಯ ಕಡೆ ನೋಡಿದರು. "ಹಾರ್ಟು ಅಂತಲೇ ಹೇಳು. ನೀನೂ ಅಷ್ಟೇ, ಕೇಳಿಸ್ತಾ? ಇನ್ನೊಂದು ಮಾತು ಈ ಬಾಗಿಲು ದಾಟಬಾರದು."

ಬೀದಿಯ ಕೊನೆಯ ಮುದಿ ಡಾಕ್ಟರು ಆ ಮನೆಯ ಹಳೆಯ ಸ್ನೇಹಿತರು. ಏನೂ ಕೇಳದೆ ಚೀಟಿ ಬರೆದುಕೊಟ್ಟರು.

ಅತ್ತೆಯ ಸುಳ್ಳಿಗೆ ಕಾರಣವಿತ್ತು. ತಾವಾಗಿ ಪ್ರಾಣ ಕಳೆದುಕೊಂಡವರಿಗೆ ಆ ಚರ್ಚಿನಲ್ಲಿ ಮರಣದ ಗಂಟೆ ಬಾರಿಸುತ್ತಿರಲಿಲ್ಲ. ಅವರಿಗೆ ಜಾಗ ಸ್ಮಶಾನದ ಹಿಂಗೋಡೆಯ ಹತ್ತಿರ, ಒಡೆದ ಹೂಕುಂಡಗಳನ್ನು ಎಸೆಯುವ ಕಡೆ. ಹಾರ್ಟು ಎಂದದ್ದರಿಂದ ಗಂಟೆ ಬಾರಿಸಿದರು. ಮಗ ತಂದೆಯ ಪಕ್ಕದಲ್ಲಿ ಮಲಗಿದ. ಇನ್ನೊಂದು ಪಕ್ಕ ಅತ್ತೆ ತಮಗಾಗಿ ಕಾದಿರಿಸಿಕೊಂಡದ್ದು.

ಆ ದಿನದಿಂದ ಮನೆಯ ಮೂವರೂ ಆ ಮಾತನ್ನು ತಮ್ಮತಮ್ಮೊಳಗೂ ಆಡಿರಲಿಲ್ಲ.

ಬ್ಯಾನರಿಗೆ ಅವಳ ಹತ್ತಿರ ಒಳ್ಳೆಯ ಫೋಟೋ ಇದ್ದದ್ದು ಒಂದೇ, ಮದುವೆಯದು. ತನ್ನ ಅರ್ಧವನ್ನು ಕತ್ತರಿಸಿ ತೆಗೆದಳು. ಗಂಡನ ಹೆಗಲ ಮೇಲೆ ಮೂರು ಬೆರಳು ಉಳಿದುಕೊಂಡವು. ಕರಡು ನೋಡಲು ಬಂದ ಮೈಕ್ ಅಂಕಲ್ ಕನ್ನಡಕ ಮೇಲೆತ್ತಿ ಪರದೆಯ ಹತ್ತಿರ ಬಗ್ಗಿದರು.

"ಇಲ್ಲಿ ಯಾರದ್ದೋ ಬೆರಳು ಕಾಣ್ತಿದೆಯಲ್ಲ. ತೆಗೆದುಬಿಡು."

"ನಂದೇ ಅಂಕಲ್."

"ಓ... ಆದ್ರೂ ತೆಗಿ. ನೋಡೋಕೆ ಚೆನ್ನಾಗಿರಲ್ಲ."

ಅವಳು ಚಿತ್ರವನ್ನು ದೊಡ್ಡದು ಮಾಡಿ, ಕೋಟಿನ ಬಣ್ಣವನ್ನು ಪಕ್ಕದಿಂದ ಸ್ವಲ್ಪಸ್ವಲ್ಪವೇ ತಂದು ಬೆರಳುಗಳ ಮೇಲೆ ಹಚ್ಚಿದಳು. ಮೊದಲು ಉಗುರು ಹೋಯಿತು, ಆಮೇಲೆ ಉಂಗುರ. ಕೆಲಸ ನಾಜೂಕಾಗಿ ಬಂತು. ಮುಟ್ಟಿದ್ದರ ಗುರುತೇ ಉಳಿಯಲಿಲ್ಲ. ಕೆಳಗೆ ದಪ್ಪಕ್ಷರದಲ್ಲಿ ಮೈಕ್ ಅಂಕಲ್ ಬರೆದುಕೊಟ್ಟ ಸಾಲು: 'ನಿಮ್ಮ ಹೃದಯ ನಿಮ್ಮ ಕೈಯಲ್ಲಿ.'

ಅದೇ ವಾರ ಆಸ್ಪತ್ರೆಯಿಂದ ಇನ್ನೊಂದು ಸಣ್ಣ ಆರ್ಡರ್ ಬಂತು. ಆತ್ಮಹತ್ಯೆ ತಡೆಯ ಪೋಸ್ಟರು. ಅದಕ್ಕೆ ಮೀಸಲಾದ ತಿಂಗಳು ಆಗಲೇ ಮುಗಿದಿತ್ತು. ಬಿಲ್ ಪಾಸಾಗುವುದು ತಡವಾಯಿತಂತೆ. ತಂದವಳು ಅಲ್ಲಿಯ ಸಮಾಜ ಕಾರ್ಯಕರ್ತೆ.

"ಫೋಟೋ ಏನು ಹಾಕ್ಲಿ ಮೇಡಂ?"

"ಒಂದು ನೆರಳು ಹಾಕ್ಬಿಡಿ. ತಲೆ ಬಗ್ಗಿಸಿ ಕೂತಿರತ್ತಲ್ಲ, ಅದು. ಇದಕ್ಕೆ ಮುಖ ಯಾರೂ ಕೊಡಲ್ಲ."

ಬರಹ ಹಿಂದಿನ ವರ್ಷದ್ದೇ. 'ನೇರವಾಗಿ ಕೇಳಿ. ಸಾಯಬೇಕು ಅನ್ನಿಸುತ್ತಿದೆಯೇ ಎಂದು ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.' ಹಿಂದಿನ ವರ್ಷವೂ ಇದನ್ನು ಜೋಡಿಸಿದ್ದವಳು ಅವಳೇ. ಆಗ ಗಂಡ ಬದುಕಿದ್ದ. ಅವಳು ಸಾಲುಗಳ ನಡುವಿನ ಅಂತರ ಸರಿಯಿದೆಯೇ ಎಂದು ನೋಡಿ, ಕಾಗುಣಿತ ತಿದ್ದಿ ಮುದ್ರಣಕ್ಕೆ ಕಳಿಸಿದ್ದಳು. ಆ ಸಂಜೆ ಮನೆಗೆ ಹೋದಾಗ ಗಂಡ ತನ್ನ ಗಿಟಾರನ್ನು ಚರ್ಚಿನ ಗಾಯಕರಿಗೆ, ಸ್ಪ್ಯಾನರುಗಳ ಪೆಟ್ಟಿಗೆಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಹಗುರಾಗಿ ಕುಳಿತಿದ್ದ. ಅಂತೂ ಮನೆ ಒಂದಿಷ್ಟು ಖಾಲಿಯಾಯಿತು ಎಂದು ಅವಳು ಖುಷಿಪಟ್ಟಿದ್ದಳು.

ಮನೆಯಲ್ಲಿ ಹೃದಯ ಮಾಸ ಒಂದು ವರ್ಷದಿಂದಲೂ ನಡೆಯುತ್ತಿತ್ತು. ಅತ್ತೆ ಅಡುಗೆಯಲ್ಲಿ ಉಪ್ಪು ಇಳಿಸಿದ್ದರು, ಎಣ್ಣೆಯನ್ನು ಚಮಚದಲ್ಲಿ ಅಳೆಯುತ್ತಿದ್ದರು. ಸುಳ್ಳು ಹೇಳಿಹೇಳಿ ಅವರಿಗೇ ಅದು ನಿಜವಾಗಿಬಿಟ್ಟಿತ್ತು. 'ಅವರಪ್ಪನಿಗೂ ಹಾಗೇ ಅಲ್ವಾ, ವಂಶದಲ್ಲೇ ಇದೆ' ಎಂದು ಬಂದವರ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದರು. ಉಳಿದ ಮಗನನ್ನು ಬೆಳಗಾಗುತ್ತಲೇ ಎಬ್ಬಿಸಿ ನಡೆಯಲು ಅಟ್ಟುತ್ತಿದ್ದರು.

ಎಬ್ಬಿಸುವ ಅಗತ್ಯವೇ ಇರಲಿಲ್ಲ, ಮೈದುನ ಮಲಗುತ್ತಲೇ ಇರಲಿಲ್ಲ. ಗೋಡೆಯಾಚೆ ಮಂಚ ಕಿರುಗುಟ್ಟುವುದು ಅವಳಿಗೆ ಕೇಳಿಸುತ್ತಿತ್ತು. ಮದುವೆಗಳಲ್ಲಿ ಫೋಟೋ ತೆಗೆಯುವ ಕೆಲಸ ಅವನದು. ಆರ್ಡರುಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟಿದ್ದ. ತಟ್ಟೆಯ ಅಂಚಿಗೆ ಅನ್ನ ಸರಿಸುತ್ತ ಕೂರುತ್ತಿದ್ದ.

"ಉಪ್ಪಿಲ್ಲ ಅಂತ ತಿಂತಿಲ್ವೇನೋ?" ಎಂದರು ಅತ್ತೆ ಒಂದು ದಿನ.

"ಉಪ್ಪಿದ್ರೂ ಅಷ್ಟೇ ಬಿಡಮ್ಮ."

"ನಿನ್ನೆ ಎಷ್ಟು ದೂರ ನಡೆದೆ?"

"ನೀನು ಹೇಳಿದಷ್ಟೂ ನಡೆದೆ. ವಾಪಸ್ ಬರೋಕೇ ಮನಸ್ಸಿರ್ಲಿಲ್ಲ."

"ನೋಡು, ಅಭ್ಯಾಸ ಆದ್ರೆ ಹಾಗೇ. ಖುಷಿ ಆಗತ್ತೆ," ಎಂದು ಅತ್ತೆ ಅವಳ ಕಡೆ ತಿರುಗಿ ಹೆಮ್ಮೆಯಿಂದ ತಲೆಯಾಡಿಸಿದರು.

ಆ ಸಂಜೆ ಅವಳು ಪಾತ್ರೆ ತೊಳೆಯುವಾಗ ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಹೆಗಲಲ್ಲಿ ಕ್ಯಾಮೆರಾದ ಚೀಲ.

"ಅತ್ತಿಗೆ, ಇದು ನಿಮ್ಮ ಹತ್ರ ಇರ್ಲಿ. ಅಂಗಡಿಲಿ ಫೋಟೋ ಬೇಕಾಗತ್ತಲ್ಲ ನಿಮಗೆ."

"ನಿಂಗೆ?"

"ನಂಗ್ಯಾಕೆ ಇನ್ನು." ಚೀಲವನ್ನು ಡಬ್ಬಿಗಳ ಪಕ್ಕ ಇಟ್ಟು ನಕ್ಕ. ತುಂಬ ದಿನದ ಮೇಲೆ ನಕ್ಕದ್ದು. ಅಣ್ಣನದೇ ನಗು, ಅಣ್ಣನದೇ ಹಗುರ.

ನಲ್ಲಿ ಸುರಿಯುತ್ತಲೇ ಇತ್ತು. ಕೇಳಬೇಕು ಎಂದುಕೊಂಡಳು. ಬಾಯಿ ತೆರೆದಳು. ಒಂದು ವರ್ಷದಿಂದ ಹೊರಡದ ಮಾತು ಆಗಲೂ ಹೊರಡಲಿಲ್ಲ. ಅವನು ಹೊರಟುಹೋದ.

ಅವಳು ಕೈ ಒರೆಸಿಕೊಂಡು ಅತ್ತೆಯ ಕೋಣೆಗೆ ಹೋದಳು. ಅವರು ಮಂಚದ ಮೇಲೆ ಕುಳಿತು ಭಾನುವಾರಕ್ಕೆ ಸೀರೆ ತೆಗೆದಿಡುತ್ತಿದ್ದರು.

"ಅತ್ತೆ, ಅವನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ."

"ಭಾನುವಾರ ಇಸಿಜಿ ಮಾಡ್ತಾರಲ್ಲ. ಮೊದಲನೇ ಹೆಸರೇ ಅವನದು ಬರೆಸಿದೀನಿ."

"ಎದೆ ಡಾಕ್ಟರಲ್ಲ ಅತ್ತೆ. ಅವರಣ್ಣನ ತರಾನೇ ಆಡ್ತಿದಾನೆ ಇವನು. ಕ್ಯಾಮೆರಾ ತಂದು ನನಗೆ ಕೊಟ್ಟ."

ಸೀರೆ ಮಡಚುತ್ತಿದ್ದ ಕೈ ನಿಂತಿತು. "ಅವರಣ್ಣನಿಗೆ ಹಾರ್ಟು."

"ಇಲ್ಲಿ ಯಾರೂ ಇಲ್ಲ ಅತ್ತೆ. ನಾವಿಬ್ಬರೇ."

"ಹಾರ್ಟು ಅಂದೆ." ಅತ್ತೆಯ ದನಿ ಏರಲಿಲ್ಲ. "ಕೇಳು ಹುಡುಗಿ. ಅವನನ್ನ ಅವರಪ್ಪನ ಪಕ್ಕ ಮಲಗಿಸಿದೀನಿ. ನಾಳೆ ನಾನೂ ಅಲ್ಲೇ ಮಲಗ್ಬೇಕು. ನೀನು ಚಿಕ್ಕವಳು, ಇನ್ನೊಂದು ಮನೆ ಸೇರ್ತೀಯ, ನಿನಗೆ ಇನ್ನೊಂದು ಜಾಗ ಸಿಗತ್ತೆ. ನನಗೆ ಇರೋದು ಅದೊಂದೇ. ಆ ಮಾತು ಎತ್ತಿದ ದಿನ ನಿನಗೂ ನನಗೂ ಏನೂ ಇಲ್ಲ."

ಅವಳಿಗೆ ತಾಯಿ ಇರಲಿಲ್ಲ. ಗಂಡ ಹೋದ ಮೇಲೆ ಊಟ ಬಿಟ್ಟು ಬಿದ್ದಿದ್ದವಳಿಗೆ ತುತ್ತು ಮಾಡಿ ತಿನ್ನಿಸಿದವರು ಇದೇ ಅತ್ತೆ. ಆ ಕೈಯನ್ನೇ ನೋಡುತ್ತ ನಿಂತು, ಆಮೇಲೆ ದೀಪ ಆರಿಸಿ ಬಂದಳು.

ದೇವರ ಮೇಲೆ ಕೋಪ ಬಂದಿದ್ದರೆ ಚೆನ್ನಾಗಿತ್ತು. ಕೋಪಕ್ಕೂ ತ್ರಾಣ ಬೇಕು. ಅವಳು ಪ್ರಾರ್ಥನೆಗೆ ತಲೆ ಬಗ್ಗಿಸುತ್ತಿದ್ದಳು, ಹಾಡಿಗೆ ಬಾಯಿ ಆಡಿಸುತ್ತಿದ್ದಳು, ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ತಪಾಸಣೆಯ ಭಾನುವಾರದ ಪಾಠ ಕುರುಡನದು. ಯೇಸು ಅವನನ್ನು ಮುಟ್ಟುವ ಮೊದಲು ನಿನಗೆ ಏನಾಗಬೇಕು ಎಂದು ಕೇಳಿದ ಕತೆ.

"ಕಣ್ಣು ಕಾಣಲ್ಲ ಅಂತ ನೋಡಿದ್ರೆ ಗೊತ್ತಾಗಲ್ವಾ ಮಿಸ್? ಮತ್ಯಾಕೆ ಕೇಳಿದ್ದು?" ಎಂದಳು ಮುಂದಿನ ಸಾಲಿನ ಹುಡುಗಿ.

"ಕೇಳಿದ, ಅಷ್ಟೇ. ಕೇಳದೆ ಮುಟ್ಟಲಿಲ್ಲ," ಎಂದು ಅವಳು ಪುಸ್ತಕ ಮುಚ್ಚಿದಳು. ಕೆಳಗಿನ ಹಾಲ್‌ನಲ್ಲಿ ಆಗಲೇ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು.

ಹಾಲ್‌ನ ಗೋಡೆಯ ತುಂಬ ಅವಳ ಗಂಡ ನಗುತ್ತಿದ್ದ. ಅವನ ಮೂಗಿನ ಕೆಳಗೆ ಸಾಲಾಗಿ ಮೇಜುಗಳು. ಪ್ರತಿಯೊಬ್ಬರ ಎದೆಗೂ ಕೆಂಪು ರಿಬ್ಬನ್ನು ಚುಚ್ಚಲಾಗಿತ್ತು. ಬಿ.ಪಿ. ಮೇಜಿನ ಮುಂದೆ ಹೆಂಗಸರು ತಮ್ಮತಮ್ಮ ಅಂಕಿಗಳನ್ನು ಪರೀಕ್ಷೆಯ ಅಂಕಗಳ ಹಾಗೆ ಹೋಲಿಸಿ ನೋಡುತ್ತಿದ್ದರು.

"ನಿಂದೆಷ್ಟು ಬಂತು?"

"ನೂರಾ ಅರವತ್ತು."

"ಅಯ್ಯೋ, ನಂದು ನೂರಾ ಎಪ್ಪತ್ತು ಕಣೇ! ನನ್ನ ಸೊಸೆ ಎದುರಿಗೆ ನಿಂತಿದ್ಲು, ಅದಕ್ಕೇ ಇರ್ಬೇಕು."

ಪರದೆಯ ಹಿಂದೆ ಮೈದುನನ ಇಸಿಜಿ ನಡೆಯಿತು. ತಪಾಸಣೆಗೆ ಬಂದಿದ್ದ ಡಾಕ್ಟರು ಕಾಗದದ ಪಟ್ಟಿ ಹಿಡಿದುಕೊಂಡು ಹೊರಗೆ ಬಂದರು. "ಕುದುರೆ ಹಾಗಿದೆ ಹೃದಯ. ನೂರು ವರ್ಷ ಗ್ಯಾರಂಟಿ." ಜನ ಚಪ್ಪಾಳೆ ತಟ್ಟಿದರು. ಅತ್ತೆ ಎರಡೂ ಕೈಯೆತ್ತಿ ಸ್ತೋತ್ರ ಎಂದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮೈದುನ ಬೆಂಚಿನ ಮೇಲೆ ಕುಳಿತು ಶರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ನೂರು ವರ್ಷ ಎಂದಾಗ ಅವನ ಬೆರಳುಗಳು ಗುಂಡಿಯ ಮೇಲೆಯೇ ನಿಂತದ್ದನ್ನು ಅವಳು ನೋಡಿದಳು.

"ಈಗ ನಮ್ಮ ಸಹೋದರಿಯ ಸಾಕ್ಷಿ," ಎಂದರು ಮೈಕ್ ಅಂಕಲ್. ಅಪರೂಪಕ್ಕೆ ಮೈಕನ್ನು ತಾವಾಗಿಯೇ ಬಿಟ್ಟುಕೊಟ್ಟರು.

ಮೈಕು ಅವರ ಅಂಗೈಯ ಬೆವರಿನಿಂದ ಒದ್ದೆಯಾಗಿತ್ತು. ಅತ್ತೆ ಮೊದಲ ಸಾಲಿನಲ್ಲಿ, ತೆಗೆದಿಟ್ಟಿದ್ದ ಸೀರೆಯಲ್ಲಿ ಕುಳಿತು ಅವಳಿಗೆ ಧೈರ್ಯ ಹೇಳುವಂತೆ ತಲೆಯಾಡಿಸಿದರು. ಅದನ್ನು ನೋಡಿಯೂ ಹೇಳಬೇಕಾಗಿತ್ತು.

"ಈ ಬ್ಯಾನರು ಮಾಡಿದ್ದು ನಾನೇ," ಎಂದಳು. "ಇದರಲ್ಲಿರೋದು ತಪ್ಪು. ನನ್ನ ಗಂಡನ ಹೃದಯಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಅವರು ಆತ್ಮಹತ್ಯೆ ಮಾಡ್ಕೊಂಡ್ರು. ಮನೇಲಿ ನಾವು ಮೂರು ಜನಕ್ಕೂ ಗೊತ್ತು. ಅವರು ಬದುಕಿದ್ದಾಗ ನಾನು ಏನೂ ಕೇಳಲಿಲ್ಲ. ಹೇಳೋದು ಇಷ್ಟೇ."

ಬಿ.ಪಿ. ಯಂತ್ರವೊಂದು ಯಾರದೋ ತೋಳಿನ ಮೇಲೆ ಗಾಳಿ ಬಿಡುತ್ತ ಇಳಿಯಿತು. ಅತ್ತೆಯ ದನಿ ಸ್ಪಷ್ಟವಾಗಿ ಕೇಳಿತು. "ಅವಳಿಗೆ ತಲೆ ಸರಿ ಇಲ್ಲ. ಅವನು ಹೋದಾಗಿನಿಂದ ಹೀಗೇ. ಯಾರೂ ಮನಸ್ಸಿಗೆ ಹಚ್ಕೋಬೇಡಿ."

ಪಾಸ್ಟರಿಗೆ ಇನ್ನೂ ಎಳೆ ವಯಸ್ಸು. ಮುಖ ಕೆಂಪಾಗಿ, ಏನು ಹೇಳಬೇಕೆಂದು ತೋಚದೆ, ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು. "ನಾವೆಲ್ಲ ಪ್ರಾರ್ಥನೆ ಮಾಡೋಣ. ನಮ್ಮ ಸಹೋದರಿಯ ಮನಶ್ಶಾಂತಿಗಾಗಿ."

ಎಲ್ಲರೂ ಕಣ್ಣು ಮುಚ್ಚಿದರು. ಅದೊಂದು ಉಪಕಾರವಾಯಿತು. ಅವಳು ಮೈಕನ್ನು ಮೇಜಿನ ಮೇಲಿಟ್ಟು, ಬಾಗಿದ ತಲೆಗಳ ನಡುವೆ ನಡೆದು ಬೆಂಚಿನ ಹತ್ತಿರ ಹೋದಳು. ಮೈದುನ ಕಣ್ಣು ಮುಚ್ಚಿರಲಿಲ್ಲ. ಅವನ ಪಕ್ಕದಲ್ಲಿ ಕುಳಿತು ಪಿಸುದನಿಯಲ್ಲಿ ಕೇಳಿದಳು.

"ನಿನಗೂ ಸಾಯ್ಬೇಕು ಅನ್ನಿಸ್ತಿದೆಯಾ?"

ಪಾಸ್ಟರು ಪರಲೋಕದ ತಂದೆಯನ್ನು ಕರೆಯುತ್ತಿದ್ದರು. ಮೈದುನ ಗೋಡೆಯ ಮೇಲಿನ ಅಣ್ಣನನ್ನು ನೋಡಿದ.

"ಹೂಂ," ಎಂದ. ಸ್ವಲ್ಪ ತಡೆದು, "ದಿನಾ ಅತ್ತಿಗೆ. ಆ ಬಾಗಿಲು ಒಡೆದಾಗಿನಿಂದ," ಎಂದ. ಬಾಯಿಗೆ ಅಂಗೈ ಒತ್ತಿಕೊಂಡು ಬಗ್ಗಿದ. ಅವನ ಬೆನ್ನು ಅಲುಗಿತು. ಅವಳು ಅವನ ಹೆಗಲ ಮೇಲೆ ಕೈಯಿಟ್ಟಳು, ಆಮೆನ್ ಆಗುವವರೆಗೂ ತೆಗೆಯಲಿಲ್ಲ.

ಆಮೆನ್ ಆದ ಮೇಲೆ ಹಾಲ್ ಖಾಲಿಯಾದ ವೇಗ ಹೇಳತೀರದು. ಕೆಂಪು ರಿಬ್ಬನ್ನುಗಳು ನೆಲದ ಮೇಲೆ ಉಳಿದವು. ಮೈಕ್ ಅಂಕಲ್ ಕುರ್ಚಿ ಹತ್ತಿ ಬ್ಯಾನರಿನ ದಾರ ಬಿಚ್ಚುತ್ತಿದ್ದರು.

"ಹೀಗಿದ್ರೆ ಸ್ಮಶಾನದ ಆ ಜಾಗದ ವಿಷಯ ಸಮಿತಿ ಮುಂದೆ ಇಡ್ಬೇಕಾಗತ್ತೆ ಪಾಸ್ಟರ್."

"ಸತ್ತು ವರ್ಷ ಆಯ್ತಲ್ಲ ಸರ್," ಎಂದರು ಪಾಸ್ಟರು. ಆಮೇಲೆ ದನಿ ಇಳಿಸಿ, "ನೋಡೋಣ," ಎಂದರು.

ಅತ್ತೆ ಬಂದು ಬ್ಯಾನರನ್ನು ಮೈಕ್ ಅಂಕಲ್ ಕೈಯಿಂದ ಕಿತ್ತುಕೊಂಡು ತಾವೇ ಸುತ್ತಿ ಕಂಕುಳಲ್ಲಿ ಇರಿಸಿಕೊಂಡು ನಡೆದರು. ಮನೆಯಲ್ಲಿ ಅದು ಅವರ ಮಂಚದ ಕೆಳಗೆ ಹೋಯಿತು. ಆ ರಾತ್ರಿ ಅವರು ಅವಳ ತಟ್ಟೆ ಇಡಲಿಲ್ಲ.

ಮರುದಿನ ಅವಳು ಮೈದುನನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ ಅತ್ತೆಯೂ ಬಂದರು. ಸೊಸೆಗೆ ಮಾತ್ರ ಒಂದು ಮಾತೂ ಇಲ್ಲ. ಮನೋವೈದ್ಯರ ಕೋಣೆಯ ಗೋಡೆಗೆ ಅವಳೇ ಮಾಡಿದ ಪೋಸ್ಟರ್ ಅಂಟಿಸಿದ್ದರು. ಒಂದು ಮೂಲೆ ಆಗಲೇ ಮೇಲೆದ್ದಿತ್ತು. ತಲೆ ಬಗ್ಗಿಸಿ ಕುಳಿತ ನೆರಳಿನ ಕೆಳಗೆ ಮೂವರೂ ಕುಳಿತರು. ಡಾಕ್ಟರು ಮೈದುನನ ಜೊತೆ ಬಹಳ ಹೊತ್ತು ಮಾತಾಡಿದರು. ನಿದ್ದೆ, ಊಟ, ಆ ಬಾಗಿಲು, ಎಲ್ಲವನ್ನೂ ಕೇಳಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಮನೇಲಿ ಹಿಂದೆ ಯಾರಿಗಾದ್ರೂ ಹೀಗೆ ಆಗಿತ್ತಾ ಅಮ್ಮಾ? ಯಾರಾದ್ರೂ ಪ್ರಾಣ ಕಳ್ಕೊಂಡಿದಾರಾ?"

ಅತ್ತೆ ಕೈಚೀಲದ ಹಿಡಿಯನ್ನು ತಿರುವಿದರು. "ಇಲ್ಲಪ್ಪ. ನಮ್ಮ ಕಡೆ ಎಲ್ಲ ಹಾರ್ಟೇ. ಇವರಪ್ಪನಿಗೂ, ಇವರಣ್ಣ..."

"ನಮ್ಮಣ್ಣ," ಎಂದ ಮೈದುನ. ಡಾಕ್ಟರ ಕಣ್ಣನ್ನೇ ನೋಡುತ್ತ ಹೇಳಿದ. "ನಮ್ಮಣ್ಣ ಆತ್ಮಹತ್ಯೆ ಮಾಡ್ಕೊಂಡ. ನಾನೇ ಮೊದಲು ನೋಡಿದ್ದು."

ಅತ್ತೆ ಎದ್ದು ಹೊರಗೆ ಹೋದರು.

ಬರೆದುಕೊಟ್ಟ ಮಾತ್ರೆ ಕೊಂಡು ಬಸ್ಸು ಹತ್ತಿದಾಗ ಅತ್ತೆ ಅವಳ ಪಕ್ಕದ ಸೀಟು ಖಾಲಿ ಬಿಟ್ಟು ಮುಂದೆ ಹೋಗಿ ಒಬ್ಬರೇ ಕುಳಿತರು. ಆ ಸೀಟಿಗೆ ಮೈದುನ ಬಂದ. ಅವಳು ಬ್ಯಾಗಿನಿಂದ ಕ್ಯಾಮೆರಾದ ಚೀಲ ತೆಗೆದು ಅವನ ತೊಡೆಯ ಮೇಲಿಟ್ಟಳು.

"ತಗೋ. ನನಗೆ ಬೇಡ."

"ಇರ್ಲಿ ಅತ್ತಿಗೆ, ಆಮೇಲೆ..."

"ತಗೋ ಅಂದೆ."

ಅವನು ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ. ಬಸ್ಸು ಚರ್ಚಿನ ಸ್ಮಶಾನದ ಗೋಡೆಯ ಪಕ್ಕ ಹಾದುಹೋಯಿತು. ಯಾವಾಗಲೂ ಅಲ್ಲಿಗೆ ಬಂದಾಗ ಅತ್ತೆ ಎದ್ದು ನಿಂತು ಗಂಡ, ಮಗನ ಸಮಾಧಿಯ ಎರಡು ಕಲ್ಲುಗಳನ್ನು ನೋಡಿ, ಕೂತ ಮೇಲೆ ಅವಳ ಮೊಣಕೈ ತಟ್ಟುತ್ತಿದ್ದರು. ಇವತ್ತು ಎದ್ದು ನಿಂತು ನೋಡಿದರು, ಕುಳಿತರು. ಹಿಂದೆ ತಿರುಗಲಿಲ್ಲ.